ಚಿಗರಿ ಮಲಗುವ ಜಾಗ: ಬೆಂಗಳೂರಿನ ಮನೆಗೆ ಬಂದ ಒಂದು ಮುಧೋಳ ನಾಯಿಯ ಪ್ರಕರಣ

ಮುಧೋಳ ನಾಯಿಯನ್ನು ದತ್ತು ಕೇಳಿಕೊಂಡು ಬರುವವರು ಮೊದಲು ಕೇಳುವುದು ಓಟದ ಬಗ್ಗೆ. "ನಮ್ಮದು ಥರ್ಟಿ-ಫಾರ್ಟಿ ಸೈಟು, ಅಂಗಳ ಅಂತ ಏನೂ ಇಲ್ಲ. ಅಷ್ಟು ಓಡೋ ನಾಯಿಗೆ ಜಾಗ ಸಾಕಾಗುತ್ತಾ?" ಅದು ಎಲ್ಲಿ ಮಲಗುತ್ತದೆ, ಹೇಗೆ ಮಲಗುತ್ತದೆ ಎಂದು ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ. ಬೀದಿಪಾಲಾದ ನಾಯಿಗಳಿಗೆ ಮನೆ ಹುಡುಕುವ ಒಂದು ಸಣ್ಣ ಗುಂಪಿನಲ್ಲಿ ನನ್ನದು ದತ್ತು ಹೋದ ಮೇಲಿನ ಕೆಲಸ: ಆ ಮನೆಗಳಿಗೆ ಹೋಗಿ ಹೇಗಿದೆ, ಏನು ಕಷ್ಟ ಎಂದು ವಿಚಾರಿಸುವುದು. ಬೇಟೆನಾಯಿ ತಳಿಯವು ವಾಪಸ್ ಬಂದಾಗ ಕಾರಣ ಕೆದಕಿದರೆ ಬಹಳ ಸಲ ಸಿಗುವುದು ಎರಡೇ, ಗೇಟು ಇಲ್ಲವೇ ನಿದ್ದೆ. ಈ ಪ್ರಕರಣದಲ್ಲೂ ನಾಯಿ ವಾಪಸ್ ಹೊರಡುವ ಹಂತಕ್ಕೆ ಬಂದಿತ್ತು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ನಾಯಿ

ಸಿಕ್ಕಿದ್ದು ನೆಲಮಂಗಲದ ಹತ್ತಿರದ ಒಂದು ಖಾಲಿ ಲೇಔಟಿನಲ್ಲಿ. ಹೆಣ್ಣು, ಕಂದು ಬಣ್ಣ. ಹಲ್ಲು ನೋಡಿದ ವೈದ್ಯರು ಮೂರು-ನಾಲ್ಕು ವರ್ಷ ಇರಬಹುದು ಎಂದರು. ತೂಕ 16 ಕೆ.ಜಿ. ಬೆನ್ನುಮೂಳೆಯ ಗಂಟುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಮೊಲೆಗಳು ಜೋತುಬಿದ್ದಿದ್ದವು, ಮೊಣಕೈಗಳಲ್ಲಿ ಕೂದಲುದುರಿ ಚರ್ಮ ಜಡ್ಡುಗಟ್ಟಿತ್ತು. ಸಿಮೆಂಟಿನ ನೆಲದಲ್ಲಿ ಕೂಡಿಹಾಕಿ, ಮೇಲಿಂದ ಮೇಲೆ ಮರಿ ಹಾಕಿಸಿ ಮಾರಿಕೊಂಡವರು ಸಾಕಾದ ಮೇಲೆ ಬಿಟ್ಟುಹೋಗಿದ್ದಾರೆ ಎನ್ನುವುದಕ್ಕೆ ಇಷ್ಟು ಗುರುತು ಸಾಕು. ನಾಯಿ ತಳಿ ಬೆಳೆಸುವವರಿಗೆಂದೇ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಹೆಣ್ಣು ನಾಯಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಮಾಡಿಸುವಂತಿಲ್ಲ, ಜೀವಮಾನದಲ್ಲಿ ಐದನ್ನು ಮೀರುವಂತಿಲ್ಲ, ನೋಂದಣಿ ಇಲ್ಲದೆ ಮಾರುವಂತಿಲ್ಲ. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಹತ್ತರಿಂದ ಐವತ್ತು ರೂಪಾಯಿ! ಒಂದು ಮಸಾಲೆ ದೋಸೆಯ ದುಡ್ಡೂ ಆಗಲಿಲ್ಲ.

ಮುಧೋಳಕ್ಕೆ ಹೆಸರು ಬಂದಷ್ಟೂ ಈ ಪಾಡು ಹೆಚ್ಚಿದೆ ಎಂಬುದು ನನ್ನ ಅನಿಸಿಕೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಉಳಿಸಿ ಬೆಳೆಸಿದ ತಳಿ ಇದು. 2005ರಲ್ಲಿ ಅಂಚೆ ಇಲಾಖೆ ಚೀಟಿ ತಂದಿತು, 2016ರಲ್ಲಿ ಸೇನೆಯವರು ತರಬೇತಿಗೆಂದು ಮರಿಗಳನ್ನು ಮೀರತ್‌ಗೆ ಒಯ್ದರು, 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ಮನ್ ಕೀ ಬಾತ್‌ನಲ್ಲಿ ಹೆಸರೆತ್ತಿದರು. ನಮ್ಮ ನಾಡಿನ ನಾಯಿ ಎಂಬ ಅಭಿಮಾನದಿಂದ ಮರಿ ತಂದವರಲ್ಲಿ ಚೆನ್ನಾಗಿ ಸಾಕಿದವರು ಎಷ್ಟೋ ಮಂದಿ ಇದ್ದಾರೆ. ಫೋಟೋದಲ್ಲಿ ಚೆಂದ ಕಂಡಿತೆಂದು ತಂದು, ಎಂಟನೇ ತಿಂಗಳಿಗೆ ಬೆಕ್ಕಿನ ಹಿಂದೆ ಕಾಂಪೌಂಡು ಹಾರಿದ್ದೇ ಕೈಬಿಟ್ಟವರೂ ಇದ್ದಾರೆ.

ಇಂಥ ನಾಯಿಯನ್ನು ಮನೆಯೊಳಗೆ ಸಾಕುವ ಅನುಭವ ಹೆಚ್ಚಾಗಿ ದಾಖಲಾಗಿರುವುದು ಇದರ ದಾಯಾದಿಯಾದ ಗ್ರೇಹೌಂಡ್ ಬಗ್ಗೆ. ಇಂಗ್ಲೆಂಡ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ರೇಸಿನಿಂದ ನಿವೃತ್ತವಾದ ಗ್ರೇಹೌಂಡ್‌ಗಳನ್ನು ಮನೆಗೆ ತರುವುದು ಹಳೆಯ ರೂಢಿ. ಅಮೆರಿಕದ ಫ್ಲಾರಿಡಾದಲ್ಲಿ 2018ರಲ್ಲಿ ಜನ ಮತ ಹಾಕಿ ರೇಸನ್ನೇ ನಿಲ್ಲಿಸಿದರು. 2020ರ ಕೊನೆಯ ಹೊತ್ತಿಗೆ ಟ್ರ್ಯಾಕ್‌ಗಳು ಮುಚ್ಚಿದವು, ಅಲ್ಲಿದ್ದ ನಾಯಿಗಳೂ ಮನೆ ಸೇರಿದವು. ಗೂಡಿನಲ್ಲೇ ಬೆಳೆದ ಆ ನಾಯಿಗಳಿಗೆ ಮೆಟ್ಟಿಲು ಗೊತ್ತಿರುವುದಿಲ್ಲ, ಗಾಜಿನ ಬಾಗಿಲು ಗೊತ್ತಿರುವುದಿಲ್ಲ, ಮಲಗಿದ್ದಾಗ ಒಬ್ಬರು ಬಂದು ಮೈಮುಟ್ಟುವುದೂ ಗೊತ್ತಿರುವುದಿಲ್ಲ. ನಮ್ಮಲ್ಲಿ ರೇಸ್ ಟ್ರ್ಯಾಕ್ ಇಲ್ಲ, ಮರಿ ಹಾಕಿಸುವ ಶೆಡ್ಡುಗಳಿವೆ. ಅಲ್ಲಿಂದ ಬಂದ ಮುಧೋಳಕ್ಕೂ ಇದೇ ಅಜ್ಞಾನ. ಮೇಲಾಗಿ ಮುಧೋಳಕ್ಕೆ ಗ್ರೇಹೌಂಡ್‌ಗಿಂತ ಬಿಗುಮಾನ ಹೆಚ್ಚು. ಅಪರಿಚಿತರು ತಲೆ ಸವರಲು ಕೈ ಚಾಚಿದರೆ ಅದು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.

ಮನೆ

ಬಸವೇಶ್ವರನಗರದ ಒಂದು ಕ್ರಾಸ್. ಕೆಳಗೆ ಸ್ವಂತ ಮನೆ, ಮಹಡಿಯಲ್ಲಿ ಬಾಡಿಗೆಯವರು. ಗಂಡನಿಗೆ ಪೀಣ್ಯದಲ್ಲಿ ಕೆಲಸ, ಹೆಂಡತಿ ಶಾಲೆಯಲ್ಲಿ ಟೀಚರ್. ಒಂಬತ್ತನೇ ಕ್ಲಾಸಿನ ಮಗಳು. ನಾಯಿ ಬೇಕು ಎಂದು ಹಟ ಹಿಡಿದದ್ದು ಅವಳೇ. ಒಂದನೇ ಕ್ಲಾಸಿನ ಮಗ. ಗಂಡನ ತಾಯಿ ಜಮಖಂಡಿ ಕಡೆಯವರು, ಎಪ್ಪತ್ತು ದಾಟಿದವರು.

ನಮ್ಮ ಅರ್ಜಿಯಲ್ಲಿ "ಮನೆಯವರೆಲ್ಲರ ಒಪ್ಪಿಗೆ ಇದೆಯೇ" ಎಂಬ ಸಾಲು ಇರುತ್ತದೆ. ಇವರೂ ಎಲ್ಲರಂತೆ ಅದಕ್ಕೆ ಟಿಕ್ ಹಾಕಿದ್ದರು. ಮನೆ ನೋಡಲು ಹೋದಾಗ ಅಜ್ಜಿಯನ್ನು ಬೇರೆಯಾಗಿ ಮಾತಾಡಿಸಿದೆ. "ನನ್ನ ಯಾರು ಕೇಳ್ಯಾರ್ರಿ? ನಾಯಿ ಹೊಲದಾಗ ಇರಬೇಕು, ಇಲ್ಲಾ ಕಟ್ಟಿ ಮ್ಯಾಲ ಇರಬೇಕು. ಮನಿಯೊಳಗ ಯಾಕ?" ಎಂದರು. ಮಾತು ಮುಂದುವರಿದಂತೆ ತಿಳಿದದ್ದೇನೆಂದರೆ, ಆ ಮನೆಯಲ್ಲಿ ಇಂಥ ನಾಯಿಯೊಡನೆ ಬೆಳೆದವರು ಅವರೊಬ್ಬರೇ. ಅವರ ತವರಿನಲ್ಲಿ ಹೊಲ ಕಾಯಲು ಎರಡು ಮುಧೋಳ ನಾಯಿಗಳಿದ್ದವಂತೆ. ವಿರೋಧಿಸುವವರೇ ಹೆಚ್ಚು ಬಲ್ಲವರಾಗಿರುವುದು ನಮ್ಮ ಕೆಲಸದಲ್ಲಿ ಅಪರೂಪವೇನಲ್ಲ, ಆದರೆ ಅವರನ್ನು ಕೇಳುವವರು ಅಪರೂಪ. ಅಡುಗೆಮನೆಗೂ ದೇವರ ಮನೆಗೂ ನಾಯಿ ಕಾಲಿಡಬಾರದು ಎಂಬ ಷರತ್ತಿನ ಮೇಲೆ ಅಜ್ಜಿ ಸುಮ್ಮನಾದರು. ಎರಡೂ ಬಾಗಿಲಿಗೆ ಸೊಂಟದೆತ್ತರದ ಅಡ್ಡಬಾಗಿಲು ಬಂತು.

ಗೇಟಿನ ವಿಷಯದಲ್ಲಿ ಹಟ ನನ್ನದಾಗಿತ್ತು. ಇವು ಕಣ್ಣಿನಿಂದ ಬೇಟೆಯಾಡುವ ನಾಯಿಗಳು, ಮೂಗಿನ ಕೆಲಸ ಆಮೇಲಿನದು. ದೂರದಲ್ಲಿ ಅಳಿಲೊಂದು ಬಾಲ ಅಲ್ಲಾಡಿಸಿದರೆ ಸಾಕು, ಹೆಸರು ಹಿಡಿದು ಕೂಗುವಷ್ಟರಲ್ಲಿ ನಾಯಿ ಕ್ರಾಸಿನ ಆ ತುದಿಯಲ್ಲಿರುತ್ತದೆ. ಗ್ರೇಹೌಂಡ್ ಗಂಟೆಗೆ 70 ಕಿ.ಮೀ. ಹತ್ತಿರದ ವೇಗ ಮುಟ್ಟುತ್ತದೆ. ಮುಧೋಳ ಅಷ್ಟು ಓಡದಿದ್ದರೂ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಬಸ್ಸಿನ ಮುಂದೆ ಬೀಳಲು ಅದರರ್ಧ ವೇಗ ಸಾಕು. ಈ ಮನೆಯ ಗೇಟಿನಲ್ಲಿ ಹಾಲಿನವರು, ಕೊರಿಯರ್, ಫುಡ್ ಡೆಲಿವರಿ, ಮಹಡಿಯವರು, ಅವರ ನೆಂಟರು ಎಲ್ಲರೂ ಓಡಾಡುತ್ತಾರೆ. ಗೇಟು ಮುಚ್ಚುವುದನ್ನು ಇಷ್ಟು ಜನರ ನೆನಪಿಗೆ ಬಿಡಲಾಗದು. ಕಾರು ನಿಲ್ಲಿಸುವ ಜಾಗಕ್ಕೂ ಮುಂಬಾಗಿಲಿಗೂ ನಡುವೆ ಇನ್ನೊಂದು ಗ್ರಿಲ್ ಗೇಟು ಹಾಕಿಸಿ, ತಾನಾಗಿ ಮುಚ್ಚಿಕೊಳ್ಳುವಂತೆ ಸ್ಪ್ರಿಂಗ್ ಕೂಡಿಸಿದ ಮೇಲೆಯೇ ನಾಯಿ ಕೊಟ್ಟದ್ದು. "ನಾಯಿ ಇದೆ, ಎಚ್ಚರಿಕೆ" ಬೋರ್ಡನ್ನು ತೆಗೆಸಿದೆ. ಅದನ್ನು ಓದಿ ಬರುವವನು ಹೆದರುತ್ತಾನೆಯೇ ಹೊರತು ಹೋಗುವವನು ಗೇಟು ಹಾಕುವುದಿಲ್ಲ. ಈಗ ಒಳಮುಖವಾಗಿ, ಹೊರಗೆ ಹೋಗುವವರಿಗೆ ಕಾಣುವಂತೆ ಬರೆದಿದೆ: "ಗೇಟು ಹಾಕಿ ಹೋಗಿ, ನಾಯಿ ಓಡಿಹೋಗುತ್ತೆ."

ರಕ್ತ, ಉಣ್ಣೆ, ಊಟ

ಹೆಸರಿಟ್ಟವರು ಅಜ್ಜಿ. ಬಂದ ದಿನ ಅದರ ಕಾಲು ನೋಡಿ "ಚಿಗರಿ ಇದ್ದಂಗ ಐತಿ", ಅಂದರೆ ಜಿಂಕೆಯ ಹಾಗಿದೆ, ಎಂದರು; ಮೊಮ್ಮಕ್ಕಳು ಅದನ್ನೇ ಹಿಡಿದುಕೊಂಡರು.

ಚಿಗರಿಗೆ ಉಣ್ಣೆ ಜ್ವರವಿತ್ತು, ರಕ್ತ ಹೀರುವ ಉಣ್ಣೆ ಹುಳು ಕಚ್ಚಿ ಬರುವ ಕಾಯಿಲೆ. ಬೆಂಗಳೂರಿನಲ್ಲಿ ಬೀದಿಯಿಂದ ಬಂದ ನಾಯಿಗೆ ಇದನ್ನು ಇದೆ ಎಂದುಕೊಂಡೇ ಪರೀಕ್ಷೆ ಮಾಡಿಸಬೇಕು. ಆ ಜ್ವರದ ರೋಗಾಣುವಾದ ಎರ್ಲಿಕಿಯಾ ಪಾಸಿಟಿವ್, ಪ್ಲೇಟ್‌ಲೆಟ್ 70 ಸಾವಿರದ ಆಸುಪಾಸು. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, 35. ಲ್ಯಾಬಿನ ಕಾಗದದಲ್ಲಿ ನಾಯಿಗಳಿಗೆ 37ರಿಂದ 55 ಸರಿ ಎಂದಿರುವುದರಿಂದ "ಸ್ವಲ್ಪ ಕಡಿಮೆ" ಎಂದು ಮನೆಯವರು ಸಮಾಧಾನಪಟ್ಟುಕೊಂಡಿದ್ದರು. ಓಟಕ್ಕೆಂದೇ ಹುಟ್ಟಿದ ಗ್ರೇಹೌಂಡ್ ಬಳಗದ ರಕ್ತ ಬೇರೆ. ಆರೋಗ್ಯವಾಗಿರುವ ಗ್ರೇಹೌಂಡ್‌ನಲ್ಲಿ ಪಿಸಿವಿ 50 ದಾಟುವುದು ಸಾಮಾನ್ಯ, 60ರ ಮೇಲೂ ಇರಬಹುದು. ಪ್ಲೇಟ್‌ಲೆಟ್ ಮಾತ್ರ ಬೇರೆ ನಾಯಿಗಳಿಗಿಂತ ಕಡಿಮೆಯೇ ಇರುತ್ತದೆ. ಆ ಕಣ್ಣಿನಿಂದ ನೋಡಿದರೆ 35 ಎನ್ನುವುದು ಸಾಕಷ್ಟು ರಕ್ತಹೀನತೆ. ಥೈರಾಯ್ಡ್ ಅಂಕಿಯೂ ಹೀಗೆಯೇ ದಾರಿ ತಪ್ಪಿಸುತ್ತದೆ. ಗ್ರೇಹೌಂಡ್‌ಗಳಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನು ಹುಟ್ಟಾ ಕಡಿಮೆ. ಅದನ್ನು ಕಾಯಿಲೆ ಎಂದು ಎಣಿಸಿ ಜೀವನಪರ್ಯಂತ ಮಾತ್ರೆ ನುಂಗಿಸಿದ ಉದಾಹರಣೆಗಳಿವೆ. ತಿಳಿದ ಪಶುವೈದ್ಯರು ಮುಧೋಳದ ರಿಪೋರ್ಟನ್ನೂ ಇದೇ ಎಚ್ಚರದಿಂದ ಓದುತ್ತಾರೆ.

ಡಾಕ್ಸಿಸೈಕ್ಲಿನ್ ಮಾತ್ರೆ ನಾಲ್ಕು ವಾರ. ಮೊಸರನ್ನದಲ್ಲಿ ಮುಚ್ಚಿ ಕೊಡುವುದು ಸುಲಭ ಎಂದು ಮಗಳು ಹಾಗೆ ಶುರುಮಾಡಿದ್ದಳು. ಹಾಲು-ಮೊಸರಿನ ಕ್ಯಾಲ್ಸಿಯಂ ಈ ಔಷಧಿ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ. ಬರೀ ಅನ್ನದ ಉಂಡೆಯಲ್ಲಿ ಕೊಟ್ಟು ಮೇಲೆ ನೀರು ಕುಡಿಸಿ ಎಂದು ವೈದ್ಯರು ಬದಲಿಸಿದರು. ಬರೀ ನಾಯಿಗೆ ಔಷಧಿ ಹಾಕಿದರೆ ಉಣ್ಣೆ ಹೋಗುವುದಿಲ್ಲ. ಕಂದು ಉಣ್ಣೆ ಮೊಟ್ಟೆಯಿಡುವುದು ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ, ಅದೂ ಒಂದು ಉಣ್ಣೆ ಸಾವಿರಗಟ್ಟಲೆ. ಮೆಟ್ಟಿಲ ಕೆಳಗಿನ ಗೋಡೆಯ ಬಿರುಕನ್ನೆಲ್ಲ ಸಿಮೆಂಟಿನಿಂದ ಮೆತ್ತಿಸಿದರು.

ಊಟದ್ದು ಸೂಕ್ಷ್ಮ ವಿಷಯ. ಆ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ, ಮೊಟ್ಟೆಯೂ ಒಳಗೆ ಬರುವುದಿಲ್ಲ. ಒಣಗಿದ ರೆಡಿಮೇಡ್ ಆಹಾರಕ್ಕೆ ಅಜ್ಜಿಯ ತಕರಾರಿರಲಿಲ್ಲ. ಅದರಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಮನೆಯಲ್ಲಿ ಅದಕ್ಕೆ "ಬಿಸ್ಕತ್ತು" ಎಂದೇ ಹೆಸರು. ಮೊಟ್ಟೆಯನ್ನು ಗಂಡ ಟೆರೇಸಿನ ಶೆಡ್ಡಿನಲ್ಲಿ ಇಂಡಕ್ಷನ್ ಒಲೆಯ ಮೇಲೆ ಬೇಯಿಸುತ್ತಾರೆ, ಪಾತ್ರೆಯೂ ಅಲ್ಲೇ. ಅಜ್ಜಿಯ ಪಾಲು ಜೋಳದ ರೊಟ್ಟಿ, ಮುಧೋಳದ ಹಳ್ಳಿಗಳಲ್ಲಿ ಈ ನಾಯಿಗಳು ತಿಂದು ಬೆಳೆಯುವುದೂ ಅದನ್ನೇ. ಹಾಲಿನಲ್ಲಿ ನೆನೆಸಿಕೊಟ್ಟಾಗ ಭೇದಿಯಾಯಿತು, ಮಜ್ಜಿಗೆಯಲ್ಲಿ ಕೊಟ್ಟಾಗ ಸರಿಹೋಯಿತು. ಈರುಳ್ಳಿ ಬಿದ್ದ ಸಾರು ಮಾತ್ರ ಕೂಡದು. ಅದು ನಾಯಿಯ ಕೆಂಪು ಕಣಗಳನ್ನೇ ಒಡೆಯುತ್ತದೆ. ಎದೆಗೂಡು ಆಳವಿರುವ ನಾಯಿಗಳಿಗೆ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ಅದಕ್ಕೇ ದಿನದ ಊಟ ಎರಡು ಹೊತ್ತಿಗೆ ಹಂಚಿಕೆ, ಉಂಡ ಮೇಲೆ ಒಂದು ಗಂಟೆ ಓಟ-ಆಟ ಬಂದ್.

ತೂಕ 21 ಕೆ.ಜಿ.ಗೆ ಬಂದು ನಿಂತಿತು. ಕೊನೆಯ ಎರಡು-ಮೂರು ಪಕ್ಕೆಲುಬು ಆಗಲೂ ಕಾಣುತ್ತಿದ್ದವು, ಕಾಣಬೇಕು ಕೂಡ. ಬೀದಿಯವರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. "ನಾಯಿಗೆ ಹೊಟ್ಟೆಗೇನೂ ಹಾಕಲ್ವೇನ್ರೀ?" ಎಂದು ಎದುರುಮನೆಯವರು ಸೊಸೆಯನ್ನು ತಡೆದು ಕೇಳಿದರು. ಗೇಟಿನ ಸಂದಿಯಿಂದ ಪಾರ್ಲೆ-ಜಿ ತೂರುವ ಪುಣ್ಯಾತ್ಮರೊಬ್ಬರು ಇಂದಿಗೂ ಇದ್ದಾರೆ.

ಕೆನ್ನೆಯ ಗೀರು

ಚಿಗರಿ ಬಂದು ಎರಡು ತಿಂಗಳು ತುಂಬುವ ಮೊದಲು ಆದದ್ದಿದು. ಮಗ ಶಾಲೆಯಿಂದ ಬಂದವನು ಬ್ಯಾಗು ಎಸೆದು, ಹಾಲ್‌ನಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಮಲಗಿದ್ದ ಚಿಗರಿಯ ಕುತ್ತಿಗೆ ತಬ್ಬಿಕೊಂಡು ಮೇಲೆ ಬಿದ್ದ. ಗುರ್ ಎಂದ ಸದ್ದು, ಅದರ ಹಿಂದೆಯೇ ಮಗುವಿನ ಚೀರಾಟ. ಕೆನ್ನೆಯ ಮೇಲೆ ಹಲ್ಲು ಜಾರಿದ ಎರಡು ಕೆಂಪು ಗೀರು. ರಕ್ತ ಬಂದಿರಲಿಲ್ಲ. ಚಿಗರಿ ಅಷ್ಟರಲ್ಲಿ ಎದ್ದು ಓಡಿ ಮೂಲೆ ಸೇರಿಕೊಂಡಿತ್ತು.

ಮೊದಲು ಮಾಡಬೇಕಾದ್ದನ್ನು ಸೊಸೆ ಸರಿಯಾಗಿಯೇ ಮಾಡಿದರು. ನಲ್ಲಿ ನೀರಿನ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದರು. ಅರಿಶಿನ, ಸುಣ್ಣ ಏನೂ ಹಚ್ಚಲಿಲ್ಲ. ನೇರ ಆಸ್ಪತ್ರೆಗೆ ಹೋದರು. ರಕ್ತ ಬಾರದ ಗೀರು ಎರಡನೇ ದರ್ಜೆಯ ಗಾಯ, ರೇಬೀಸ್ ಲಸಿಕೆ ಬೇಕೇ ಬೇಕು. ರಕ್ತ ಬಂದಿದ್ದರೆ ಮೂರನೇ ದರ್ಜೆಯಾಗಿ, ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಮದ್ದನ್ನು, ಕೂಡ ಚುಚ್ಚಬೇಕಿತ್ತು. ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನಗಳಂದು ಆಯಿತು. ಸಾಕಿದ ನಾಯಿ, ಅದಕ್ಕೆ ರೇಬೀಸ್ ಲಸಿಕೆ ಆಗಿದೆ ಎಂದು ಮಗುವಿನದನ್ನು ತಪ್ಪಿಸುವ ಮನೆಗಳನ್ನು ಕಂಡಿದ್ದೇನೆ. ಇದರಲ್ಲಿ ಲೆಕ್ಕಾಚಾರ ಸಲ್ಲದು. ಚಿಗರಿಯನ್ನು ಹತ್ತು ದಿನ ಮನೆಯಲ್ಲೇ ನಿಗಾ ಇಟ್ಟು ನೋಡಿದರು.

ನಾನು ಹೋದಾಗ ಮನೆಯಲ್ಲಿ ಮಾತೇ ಇರಲಿಲ್ಲ. ಸೊಸೆ ಹೇಳಿದ್ದು ಇಷ್ಟೇ: "ಇವತ್ತು ಕೆನ್ನೆ. ನಾಳೆ ಕಣ್ಣಾದ್ರೆ?" ಅದಕ್ಕೆ ಎದುರಾಡುವ ಮಾತು ಯಾರ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇರಲಿಲ್ಲ. ಊರಿಂದ ಬಂದಿದ್ದ ಮೈದುನ, ಎರಡು ಬಾರಿಸಿದರೆ ಮತ್ತೆ ಗುರ್ ಅನ್ನಲ್ಲ ಎಂದರು. ಅವರ ಮಾತು ನಿಜ, ಅಪಾಯವಿರುವುದೂ ಅಲ್ಲೇ. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆದು ಅದನ್ನು ಅಡಗಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆ ಬಾಯಿ ಹಾಕುತ್ತದೆ.

ನಾಯಿ ವಾಪಸ್ ಬೇಕಿದ್ದರೆ ಅವತ್ತೇ ಕರೆದುಕೊಂಡು ಹೋಗುತ್ತೇನೆ, ಅದರಲ್ಲಿ ಅವಮಾನವೇನೂ ಇಲ್ಲ ಎಂದು ಮೊದಲೇ ಹೇಳಿದೆ. ಹೀಗೆ ಹೇಳದೆ ಹೋದರೆ ಜನ ಮುಲಾಜಿಗೆ ಬಿದ್ದು ನಾಯಿಯನ್ನು ಇಟ್ಟುಕೊಳ್ಳುತ್ತಾರೆ, ಇಟ್ಟುಕೊಂಡು ಕಟ್ಟಿಹಾಕುತ್ತಾರೆ. ಆಮೇಲೆ ಆದದ್ದನ್ನು ಎಲ್ಲರಿಂದಲೂ ಕೇಳಿಕೊಂಡೆ. ಕೊನೆಗೆ ಮಗುವಿನ ಸರದಿ. ಅವನ ಮೇಲೆ ತಪ್ಪು ಹೊರಿಸಲು ಬಂದವರು ಎಂದುಕೊಂಡನೋ ಏನೋ, ಅಳುತ್ತಲೇ ವಾದ ಮಾಡಿದ: "ಅವ್ಳು ಮಲಗಿರ್ಲಿಲ್ಲ. ಕಣ್ಣು ಬಿಟ್ಕೊಂಡೇ ಇದ್ಲು."

ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಈ ಜಾತಿಯ ನಾಯಿಗಳು ಕಣ್ಣು ಅರ್ಧ ತೆರೆದೇ ಗಾಢ ನಿದ್ದೆ ಹೊಡೆಯುತ್ತವೆ. ಹತ್ತಿರದಿಂದ ನೋಡಿದರೆ ಕಣ್ಣಿನ ಒಳಮೂಲೆಯಿಂದ ಒಂದು ಮಂಕು ಪೊರೆ ಎದ್ದು ಅರ್ಧ ಗುಡ್ಡೆಯನ್ನು ಮುಚ್ಚಿರುತ್ತದೆ. ಆರು ವರ್ಷದ ಮಗು ಬಾಗಿಲಿಂದ ಓಡಿಬರುವಾಗ ಕಾಣುವುದು ಬರೀ ತೆರೆದ ಕಣ್ಣು. ನಮ್ಮನ್ನೇ ನೋಡುತ್ತಿದೆ ಎಂದು ದೊಡ್ಡವರಿಗೂ ಅನಿಸುತ್ತದೆ. ಗ್ರೇಹೌಂಡ್ ಸಾಕುವ ದೇಶಗಳಲ್ಲಿ ಇದು ಎಷ್ಟು ಗೊತ್ತಿರುವ ಸಂಗತಿ ಎಂದರೆ, ನಿದ್ದೆಯಲ್ಲಿ ಬೆಚ್ಚಿ ಗುರ್ ಅನ್ನುವ ಈ ಗುಣಕ್ಕೆ ಅವರಲ್ಲಿ "ಸ್ಲೀಪ್ ಸ್ಟಾರ್ಟಲ್" ಎಂಬ ಹೆಸರೇ ಇದೆ. ಶೆಡ್ಡಿನಲ್ಲಿ ಬೆಳೆದ ನಾಯಿಗೆ ಮಲಗಿದ್ದಾಗ ಮೈಮೇಲೆ ಏನಾದರೂ ಬಿದ್ದರೆ ಅದು ಇನ್ನೊಂದು ನಾಯಿಯೇ ಆಗಿರುತ್ತಿತ್ತು, ಜಗಳಕ್ಕೇ ಬಂದಿರುತ್ತಿತ್ತು.

ಅವತ್ತು ಸಂಜೆಯೇ ಚಿಗರಿ ನಿದ್ದೆಹೋದಾಗ ಮಗಳ ಮೊಬೈಲಿನಲ್ಲಿ ಮುಖದ ವಿಡಿಯೋ ತೆಗೆಸಿ ಎಲ್ಲರಿಗೂ ತೋರಿಸಿದೆ. ಕಣ್ಣು ತೆರೆದಿದೆ, ಪೊರೆ ಮೇಲೆ ಬಂದಿದೆ, ಮೀಸೆ ಅದುರುತ್ತಿದೆ, ಕನಸಿನಲ್ಲಿ ಏನನ್ನೋ ಅಟ್ಟಿಸಿಕೊಂಡು ಹೋಗುವಂತೆ ಕಾಲು ಆಡುತ್ತಿದೆ. ಸೊಸೆ ಎರಡು ಸಲ ನೋಡಿದರು. ಬಾಗಿಲ ಬಳಿ ಕೂತಿದ್ದ ಅಜ್ಜಿ ಆಗ ಮಾತಾಡಿದರು: "ಮಕ್ಕೊಂಡ ನಾಯೀನ ಹಂಗ ಮುಟ್ಟಬಾರ್ದು. ದೂರ ನಿಂತು ಕೂಗಬೇಕು. ಅದು ಎದ್ದು ಮೈ ಮುರದ ಮ್ಯಾಲ ಹತ್ರ ಹೋಗಬೇಕು. ನಮ್ಮಪ್ಪ ಹೊಲದಾಗ ಎಬ್ಬಸೋ ಮುಂದ ಬಡಿಗಿಲೆ ನೆಲಕ್ಕ ಬಡೀತಿದ್ದ." ಮೊದಲೇ ಹೇಳಬಾರದಿತ್ತೇ ಎಂದು ಅಜ್ಜಿಯ ಮಗ ರೇಗಿದರು. ಅಜ್ಜಿ ಉತ್ತರ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ.

ಇಟ್ಟುಕೊಳ್ಳುವುದೋ ಬಿಡುವುದೋ

ಕಚ್ಚುವುದರಲ್ಲೂ ಹಂತಗಳಿವೆ. ನಾಯಿಗಳ ನಡವಳಿಕೆ ಬಲ್ಲ ಪಶುವೈದ್ಯ ಇಯಾನ್ ಡನ್‌ಬಾರ್ ಮಾಡಿದ ಆರು ಹಂತಗಳ ಅಳತೆಗೋಲನ್ನು ನಮ್ಮಂಥವರು ಬಳಸುತ್ತೇವೆ. ಹಲ್ಲು ಚರ್ಮಕ್ಕೆ ತಾಗಿ, ಒಳಗಿಳಿಯದಿದ್ದರೆ ಅದು ಎರಡನೇ ಹಂತ. ಬೆಚ್ಚಿಬಿದ್ದ ಅರೆಕ್ಷಣದಲ್ಲೂ ಚಿಗರಿ ದವಡೆಯನ್ನು ಬಿಗಿಯಲಿಲ್ಲ, ಹಿಡಿದೆಳೆಯಲಿಲ್ಲ, ಬಿಟ್ಟು ಓಡಿತು. ಎಚ್ಚರವಿದ್ದಾಗ ಅದೇ ಹುಡುಗ ಕಿವಿ ಎಳೆದರೂ ಸುಮ್ಮನಿರುತ್ತದೆ. ಜಾಗ ಬದಲಿಸಿದರೆ ಮತ್ತೆ ಹೀಗಾಗುವ ಸಂಭವ ಬಹಳ ಕಡಿಮೆ ಎಂದು ನನ್ನ ಲೆಕ್ಕ. ಅದೇ ಗಾಯ ಆಳವಾಗಿದ್ದರೆ, ಇಲ್ಲವೇ ನಾಯಿ ಎಚ್ಚರವಿದ್ದು ಮಾಡಿದ್ದರೆ, ಇಟ್ಟುಕೊಳ್ಳಿ ಎಂಬ ಮಾತೇ ನನ್ನ ಬಾಯಿಂದ ಬರುತ್ತಿರಲಿಲ್ಲ. ತೆವಳುವ, ಈಗಷ್ಟೇ ನಡೆಯಲು ಕಲಿತ ಮಗುವಿರುವ ಮನೆಗೆ ಇಂಥ ನಾಯಿ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಆ ವಯಸ್ಸಿಗೆ ಗೆರೆ ಎಳೆದು ಹೇಳಿದರೆ ತಿಳಿಯುವುದಿಲ್ಲ.

ತೀರ್ಮಾನವನ್ನು ಸೊಸೆಗೆ ಬಿಟ್ಟೆವು. ನಾಯಿಯ ಜೊತೆ ಒಬ್ಬರೇ ಮನೆಯಲ್ಲಿದ್ದು ಮಗುವನ್ನು ನೋಡಿಕೊಳ್ಳಬೇಕಾದವರು ಅವರೇ. ಒಂದು ತಿಂಗಳು ನೋಡುತ್ತೇನೆ ಎಂದರು.

ಬದಲಾದದ್ದು ಬಹಳವೇನಿಲ್ಲ. ಹಾಸಿಗೆಯನ್ನು ಓಡಾಟದ ದಾರಿಯಿಂದ ತೆಗೆದು ಹಾಲ್‌ನ ಮೂಲೆಗೆ, ಮಹಡಿ ಮೆಟ್ಟಿಲ ಕೆಳಗಿನ ಗೂಡಿಗೆ ಹಾಕಿದರು. ಅಲ್ಲಿ ಬೆನ್ನ ಹಿಂದೆ ಗೋಡೆ, ತಲೆಯ ಮೇಲೆ ಮರೆ, ಎದುರಿಂದ ಬಿಟ್ಟು ಬೇರೆಡೆಯಿಂದ ಯಾರೂ ಬರಲಾಗದು. ಪಕ್ಕದ ವೆಲ್ಡಿಂಗ್ ಅಂಗಡಿಯವರು ಎರಡೂವರೆ ಅಡಿಯ ಗ್ರಿಲ್ ಬಾಗಿಲು ಮಾಡಿಕೊಟ್ಟರು. ದೊಡ್ಡವರು ಯಾರೂ ಹಾಲ್‌ನಲ್ಲಿ ಇಲ್ಲದಾಗ ಅದು ಹಾಕಿರುತ್ತದೆ. ಅದರಾಚೆ ಎರಡು ಮಾರು ದೂರಕ್ಕೆ ಮಗಳು ಸೀಮೆಸುಣ್ಣದಿಂದ ಗೆರೆ ಎಳೆದಳು, ಆಮೇಲೆ ಅದು ಬಣ್ಣದ ಟೇಪಾಯಿತು. ಹುಡುಗ ಗೆರೆಯ ಈಚೆ ನಿಂತು "ಚಿಗರೀ" ಎನ್ನಬೇಕು. ಮೊದಲು ಒಂದು ಕಿವಿ ನೆಟ್ಟಗಾಗುತ್ತದೆ. ಪೊರೆ ಸರಿದು ಕಣ್ಣು ಹೊಳೆಯುತ್ತದೆ, ಬಾಲ ಎರಡು ಸಲ ಗೋಡೆಗೆ ಬಡಿಯುತ್ತದೆ. ಎದ್ದು ಮುಂಗಾಲು ಚಾಚಿ ಮೈ ಮುರಿದು ಅದಾಗಿಯೇ ಗೆರೆ ದಾಟಿ ಬಂದರೆ ಆಟ; ಮತ್ತೆ ತಲೆ ಕೆಳಗಿಟ್ಟರೆ ಆಟವಿಲ್ಲ. ಇದು ರೂಢಿಯಾಗುವವರೆಗೆ ಅವನ ಅಕ್ಕ ಜೊತೆಯಲ್ಲೇ ನಿಂತಿರುತ್ತಿದ್ದಳು. ಒಂದು ತಿಂಗಳಾದ ಮೇಲೆ ಸೊಸೆ ಆ ಗಡುವಿನ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ.

ಹಾಸಿಗೆ ಎಂದರೆ ಅಜ್ಜಿಯ ಹಳೆಯ ಕೌದಿ, ನಾಲ್ಕು ಮಡಿಕೆ. ಕೊಬ್ಬಿಲ್ಲದ ಮೈ, ತೆಳು ಚರ್ಮ. ಬರಿನೆಲದಲ್ಲಿ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ. ಡಿಸೆಂಬರ್-ಜನವರಿಯ ರಾತ್ರಿ ಇಲ್ಲಿ 15 ಡಿಗ್ರಿಗೆ ಇಳಿದಾಗ ಚಿಗರಿ ನಡುಗುತ್ತಿತ್ತು, ಮಗಳ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಹಾಕಿದರು. ಇದೇ ತೆಳು ಚರ್ಮ ಒಮ್ಮೆ ಹೊರಗೇಟಿನ ತಂತಿಯ ತುದಿ ತಾಗಿ ಬಟ್ಟೆ ಹರಿದಂತೆ ಹರಿದು ಹೊಲಿಗೆ ಬಿತ್ತು.

ಹೊರಗೆ

ಓಟದ ಚಿಂತೆ ಏನಾಯಿತು ಎಂದರೆ, ಚಿಗರಿ ದಿನದ ಬಹುಪಾಲು ಮಲಗಿಯೇ ಇರುತ್ತದೆ. ಬೆಳಿಗ್ಗೆ ಐದೂವರೆಗೊಮ್ಮೆ, ರಾತ್ರಿ ಊಟಕ್ಕೆ ಮುಂಚೆ ಒಮ್ಮೆ, ಅರ್ಧರ್ಧ ಗಂಟೆಯ ನಡಿಗೆ. ಯಾವಾಗಲಾದರೂ ಊರಾಚೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ಎತ್ತರದ ಬೇಲಿಯ ಜಾಗಕ್ಕೆ ಕರೆದೊಯ್ದು ಬಿಡುತ್ತಾರೆ. ನಾಲ್ಕು ಸುತ್ತು ಓಡಿ ನಾಲಿಗೆ ಚಾಚಿ ನೆರಳಿಗೆ ಬಂದು ಬೀಳುತ್ತದೆ, ಕೊಟ್ಟ ಬಾಡಿಗೆಯಲ್ಲಿ ಮುಕ್ಕಾಲು ಗಂಟೆ ಉಳಿದಿರುತ್ತದೆ.

ಕುತ್ತಿಗೆಪಟ್ಟಿಯದ್ದು ಮುಖ್ಯ. ಇವುಗಳ ತಲೆ ಕುತ್ತಿಗೆಗಿಂತ ಸಣ್ಣ. ಸಾಮಾನ್ಯ ಪಟ್ಟಿ ಹಾಕಿ, ನಾಯಿ ಗಾಬರಿಯಾಗಿ ಹಿಂದಕ್ಕೆ ಜಗ್ಗಿದರೆ ಪಟ್ಟಿ ಕೈಯಲ್ಲಿ, ನಾಯಿ ರಸ್ತೆಯಲ್ಲಿ. ಎಳೆದಾಗ ಮಾತ್ರ ಬಿಗಿಯಾಗಿ, ಉಸಿರುಕಟ್ಟದಂತೆ ನಿಲ್ಲುವ ಅಗಲವಾದ ಮಾರ್ಟಿಂಗೇಲ್ ಪಟ್ಟಿಯೇ ಬೇಕು, ಜೊತೆಗೆ ಮೈಗೆ ಹಾರ್ನೆಸ್, ಎರಡಕ್ಕೂ ಬೇರೆ ಬೇರೆ ಹಗ್ಗ. ಕ್ರಾಸಿನ ಬೀದಿನಾಯಿ ಕರಿಯನಿಗೂ ಇವಳಿಗೂ ಈಗ ರಾಜಿಯಾಗಿದೆ. ಕಾಂಪೌಂಡಿನ ಮೇಲೆ ಬರುವ ಬೆಕ್ಕಿನೊಂದಿಗೆ ಆಗಿಲ್ಲ, ಆಗುವುದೂ ಇಲ್ಲ. ಅಭ್ಯಾಸ ಮಾಡಿಸೋಣ ಎಂದ ಮಗಳಿಗೆ ಬೇಡ ಎಂದೆ.

ಗರ್ಭಕೋಶದ ಆಪರೇಷನ್ನನ್ನು ಪ್ಲೇಟ್‌ಲೆಟ್ ಸರಿಯಾಗುವವರೆಗೆ ಮುಂದೂಡಿದ್ದೆವು. ಅರಿವಳಿಕೆಯ ವಿಷಯದಲ್ಲಿ ಗ್ರೇಹೌಂಡ್ ಬಳಗಕ್ಕೆ ಹಳೆಯ ಎಚ್ಚರಿಕೆಯೊಂದಿದೆ: ಥಯೋಪೆಂಟಾಲ್ ಎಂಬ ಅರಿವಳಿಕೆ ಮದ್ದು ಬೇಡ. ಇವುಗಳ ಯಕೃತ್ತು ಅದನ್ನು ನಿಧಾನವಾಗಿ ಕರಗಿಸುತ್ತದೆ, ಅಡಗಿಸಿಕೊಳ್ಳಲು ಮೈಯಲ್ಲಿ ಕೊಬ್ಬಿಲ್ಲ, ಎಚ್ಚರವಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಆಪರೇಷನ್ ಚೆನ್ನಾಗಿ ಆದ ಮೇಲೂ ಒಂದೆರಡು ದಿನ ಬಿಟ್ಟು ರಕ್ತ ಒಸರುವ ಗುಣವೂ ಗ್ರೇಹೌಂಡ್‌ಗಳಲ್ಲಿ ಕಂಡಿದೆ. ವೈದ್ಯರು ಬೇರೆ ಔಷಧಿ ಬಳಸಿದರು, ಮೈ ತಣ್ಣಗಾಗದಂತೆ ಬಿಸಿನೀರಿನ ಬಾಟಲಿಗಳನ್ನಿಟ್ಟರು, ಮೂರು ದಿನ ಹೊಲಿಗೆಯ ಫೋಟೋ ತರಿಸಿಕೊಂಡರು. ಏನೂ ತೊಂದರೆಯಾಗಲಿಲ್ಲ.

ದೀಪಾವಳಿಯಲ್ಲಿ ಆ ಮೆಟ್ಟಿಲ ಗೂಡು ಇನ್ನೊಮ್ಮೆ ಉಪಯೋಗಕ್ಕೆ ಬಂತು. ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ಪಟಾಕಿ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಬೀದಿಗಳು ಅದನ್ನು ಇನ್ನೂ ಕೇಳಿಸಿಕೊಂಡಿಲ್ಲ. ಸಂಜೆ ಐದಕ್ಕೆಲ್ಲ ನಡಿಗೆ ಮುಗಿಸಿ, ಗೂಡಿಗೆ ದಪ್ಪ ಪರದೆ ಕಟ್ಟಿ, ಟಿವಿ ಜೋರು ಮಾಡಿ ಆ ಮೂರು ದಿನ ಕಳೆದರು.

ಸದ್ಯಕ್ಕೆ ಉಳಿದಿರುವುದು ಮೇ ತಿಂಗಳ ಪ್ರಶ್ನೆ. ಜಮಖಂಡಿಯಲ್ಲಿ ಮನೆಯ ಮದುವೆ, ಎಲ್ಲರೂ ಹೊರಟಿದ್ದಾರೆ. ಚಿಗರಿಯನ್ನೂ ಊರು ತೋರಿಸಲು ಕರೆದೊಯ್ಯಬೇಕೆಂದು ಮಕ್ಕಳ ಆಸೆ. ಬೇಡ ಎಂದವರು ಅಜ್ಜಿ: "ಅಲ್ಲಿ ಹುಡುಗ್ರು ಸುಮ್ನ ಬಿಡೂದಿಲ್ಲ. ಮೊಲದ ಹಿಂದ ಬಿಡ್ತಾರ." ಮೊಲದ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಸಿಕ್ಕಿಬಿದ್ದರೆ ನಾಯಿಯ ಯಜಮಾನರೂ ಉತ್ತರ ಹೇಳಬೇಕಾಗುತ್ತದೆ ಎಂದು ನಾನೂ ದನಿಗೂಡಿಸಿದೆ. ಹತ್ತಾರು ನಾಯಿಗಳನ್ನು ಒಟ್ಟಿಗೆ ಬಿಡುವ ಬೋರ್ಡಿಂಗ್‌ನಲ್ಲಿ ಇವಳಿಗೆ ನಿದ್ದೆ ಬರುವುದಿಲ್ಲ. ಹಾಗಾಗಿ ನಮ್ಮ ಗುಂಪಿನವರೊಬ್ಬರು ಆ ಮನೆಗೇ ಬಂದು ಉಳಿಯುತ್ತಾರೆ. ಅವರಿಗೆಂದು ಮಗಳು ಒಂದು ಹಾಳೆ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ: ಊಟದ ಹೊತ್ತು, ಎರಡು ಹಗ್ಗ, ಥಯೋಪೆಂಟಾಲ್ ಬೇಡ, ಬೆಕ್ಕು ಬರುವ ಸಮಯ, ಗೆರೆಯ ಈಚೆಯಿಂದಲೇ ಕೂಗಬೇಕು.